ಅಂಗೈಗೆ ಅಂಟಿದ ಮೂಗುತಿ

ಹಿರೇಗುಡ್ಡದ ಸಂಸ್ಥಾನದಲ್ಲಿ ಓಬಳಯ್ಯನಷ್ಟು ಜಾಣ ಇನ್ನೊಬ್ಬನಿರಲಿಲ್ಲ. ಓಬಳಯ್ಯ ಅಂದರೆ ನಾನೇ. ಈ ಮಾತನ್ನು ಊರಿಗೆಲ್ಲ ಹೇಳಿದವನೂ ನಾನೇ. ನನ್ನ ಹೆಂಡತಿ ಸಿದ್ದವ್ವ ಮಾತ್ರ ನಂಬಿರಲಿಲ್ಲ.

"ಹನ್ನೆರಡು ವರ್ಷದಿಂದ ದೊರೆಗಳನ್ನು ನಗಿಸುತ್ತಿದ್ದೀರಿ. ನನ್ನ ಮೂಗಿನಲ್ಲಿ ಇನ್ನೂ ಬೇವಿನ ಕಡ್ಡಿಯೇ ಇದೆ," ಎನ್ನುತ್ತಿದ್ದಳು.

ಮೂಗುತಿ ಇಲ್ಲದವರು ಮೂಗಿನ ತೂತು ಮುಚ್ಚಿಹೋಗದಿರಲೆಂದು ಕಡ್ಡಿ ಚುಚ್ಚಿಕೊಳ್ಳುತ್ತಾರೆ. ಮದುವೆಯಲ್ಲಿ ನಾನು, "ಸಂಕ್ರಾಂತಿಗೆ ಚಿನ್ನದ್ದು," ಎಂದು ಮಾತು ಕೊಟ್ಟಿದ್ದೆ. ಯಾವ ಸಂಕ್ರಾಂತಿ ಎಂದು ಹೇಳಿರಲಿಲ್ಲ. ಅಷ್ಟು ಜಾಣತನ ಆಗಲೇ ಇತ್ತು.

ಒಂದು ಬೆಳಗ್ಗೆ ನನಗೆ ಕೆಂಪು ಹರಳಿನ ಮೂಗುತಿಯೊಂದು ಸಿಕ್ಕಿತು. ಎಲ್ಲಿ ಎಂದು ಆಮೇಲೆ ಹೇಳುತ್ತೇನೆ, ಅವಸರವಿಲ್ಲ. ಸಿದ್ದವ್ವನ ಮುಖ ಕಣ್ಣಿಗೆ ಕಟ್ಟಿತು. ಮನೆಯತ್ತ ಓಡಿದೆ. ದಾರಿಯಲ್ಲಿ ದೊರೆಯ ಬಾಮೈದ ಭರಮಪ್ಪ ಅಡ್ಡ ಬಂದ.

ಊರಲ್ಲಿ ಯಾರಿಗೆ ಏನು ಸಿಕ್ಕರೂ ಅದು ಭರಮಪ್ಪ ಕಳೆದುಕೊಂಡದ್ದೇ. ಹೋದ ವಾರ ಅಗಸರ ಕೆಂಚಿಗೆ ಹೊಳೆಯಲ್ಲಿ ತಂಬಿಗೆ ಸಿಕ್ಕಿತ್ತು, ಅದೂ ಅವನದೇ ಆಯಿತು. ದೊರೆಯ ಬಾಮೈದನನ್ನು ಕೇಳುವವರು ಯಾರು?

"ಏನೋ ಅದು ಕೈಯಲ್ಲಿ? ಓ, ನನ್ನ ಹೆಂಡತಿಯ ಮೂಗುತಿ!"

ಕಿತ್ತುಕೊಳ್ಳಲು ನೋಡಿದ. ಅದು ನನ್ನ ಅಂಗೈ ಬಿಟ್ಟು ಬರಲಿಲ್ಲ. ಕೊನೆಗೆ ಕೈಯ ಜೊತೆ ನನ್ನನ್ನೂ ಆಸ್ಥಾನಕ್ಕೆ ಎಳೆದುಕೊಂಡು ಹೋದ.

ದೊರೆ ಬೊಮ್ಮಣ್ಣ ನಾಯಕರು ಅಂದು ಕೆಂಡವಾಗಿದ್ದರು. ಅವರ ಅಜ್ಜಿ ನೆಟ್ಟ ಹಲಸಿನ ಮರದ ಮೊದಲ ಹಣ್ಣು ಪ್ರತಿ ವರ್ಷ ಅಜ್ಜಿಯ ಎಡೆಗೆ ಮೀಸಲು. ಬೆಳಗ್ಗೆ ಅದನ್ನೇ ಯಾರೋ ಕದ್ದಿದ್ದರು.

"ಕಳ್ಳ ಸಿಗಲಿ! ಹಲಸಿನ ಸಿಪ್ಪೆಯ ಹಾರ ಹಾಕಿ ಕತ್ತೆಯ ಮೇಲೆ ಮೆರೆಸುತ್ತೇನೆ!"

ಭರಮಪ್ಪ ತನ್ನ ದೂರು ಹೇಳಿದ. ದೊರೆ ನನ್ನತ್ತ ನೋಡಿದರು.

"ಅವರದೇ ಇರಬೇಕು ಪ್ರಭು," ಎಂದೆ. "ಎಲ್ಲಿ ಕಳೆದದ್ದು ಎಂದು ಹೇಳಲಿ, ಕೊಟ್ಟುಬಿಡುತ್ತೇನೆ."

ಭರಮಪ್ಪ ಮೀಸೆ ತಿರುವಿದ. "ನಿನಗೆ ಎಲ್ಲಿ ಸಿಕ್ಕಿತೋ ಅಲ್ಲೇ!"

"ಆಣೆ?"

"ಕುಲದೇವರಾಣೆ! ಇವತ್ತು ಬೆಳಗ್ಗೆ ನಾನೇ ಅಲ್ಲಿ ಬೀಳಿಸಿಕೊಂಡೆ."

"ಎಲ್ಲರೂ ಕೇಳಿದಿರಲ್ಲ? ನನಗೆ ಸಿಕ್ಕಿದ್ದು ತೋಟದ ಬೇಲಿಯೊಳಗೆ, ಅಜ್ಜಿಯ ಹಲಸಿನ ಮರದ ಬುಡದಲ್ಲಿ."

ಭರಮಪ್ಪ ಮೀಸೆಯಿಂದ ಕೈ ತೆಗೆದ. ನನ್ನ ಕೈಯ ಮೇಲೆ ಬಗ್ಗಿ ನೋಡಿದ. "ಛೆ, ಇದು ನಮ್ಮದಲ್ಲ ಭಾವ. ನಮ್ಮದು ಮನೆಯಲ್ಲೇ ಇದೆ. ಅವಳ ಮೂಗಿನಲ್ಲೇ ಇದೆ."

"ಕೆಂಚಿಯ ತಂಬಿಗೆ?" ದೊರೆ ಕೇಳಿದರು.

"ಅದೂ ಮನೆಯಲ್ಲೇ ಇದೆ. ಈಗಲೇ ಕೊಟ್ಟು ಬರುತ್ತೇನೆ," ಎಂದು ಓಡಿದ.

ಆಸ್ಥಾನವೆಲ್ಲ ನಕ್ಕಿತು. ನಾನು ಎದೆ ಉಬ್ಬಿಸಿ ನಿಂತೆ.

"ಅದು ಸರಿ ಓಬಳಯ್ಯ," ಎಂದರು ದೊರೆ. "ಬೇಲಿಯೊಳಗೆ ನಿನಗೇನು ಕೆಲಸವಿತ್ತು?"

ಇದನ್ನು ನಾನು ಯೋಚಿಸಿರಲಿಲ್ಲ. ನನ್ನ ಜಾಣತನಕ್ಕೆ ಒಳಗೆ ನುಗ್ಗುವುದಷ್ಟೇ ಗೊತ್ತು.

"ಕಳ್ಳನನ್ನು ಹಿಡಿಯಲು ಹೋಗಿದ್ದೆ ಪ್ರಭು."

"ಸಿಕ್ಕಿದನೇ?"

"ಸಿಕ್ಕಿದ. ಹಣ್ಣಿನ ಜೊತೆ ಮರದಿಂದ ಮುಖ ಅಡಿಯಾಗಿ ಬಿದ್ದಿದ್ದ. ಅವನ ಮೂಗು ಮಣ್ಣು ಕೆದರಿದಲ್ಲೇ ಈ ಮೂಗುತಿ ಕಂಡದ್ದು. ಹಣ್ಣನ್ನು ಪೊದೆಯಲ್ಲಿ ಬಚ್ಚಿಟ್ಟು, ಹೆಂಡತಿಯ ಮೂಗಿನಲ್ಲಿ ಹನ್ನೆರಡು ವರ್ಷದಿಂದ ಬೇವಿನ ಕಡ್ಡಿ ಎಂದು ಅತ್ತ. ಪಾಪ ಅನ್ನಿಸಿ ಬಿಟ್ಟುಬಿಟ್ಟೆ."

"ಅವನ ಗುರುತೇನು?"

ನಾನು ಕೈ ಮುಗಿದೆ. ಮುಗಿದ ಕೈ ಬಿಡಿಸಲು ಬರಲಿಲ್ಲ. ಹಲಸಿನ ಮೇಣ ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ.

"ಇದೇ ಪ್ರಭು," ಎಂದೆ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಣ್ಣೆ ತರಿಸಿ ನನ್ನ ಕೈ ಬಿಡಿಸಿದರು. ಮೂಗುತಿಯನ್ನು ಹತ್ತಿರದಿಂದ ನೋಡಿದವರೇ ಕಣ್ಣಿಗೊತ್ತಿಕೊಂಡರು.

"ಇದು ಅಜ್ಜಿಯದು. ಆ ಸಸಿ ನೆಟ್ಟ ದಿನ ಕಳೆದದ್ದು. ಸಾಯುವ ತನಕ ಹುಡುಕುತ್ತಿದ್ದರು."

ಸಿದ್ದವ್ವನಿಗೆ ಮತ್ತೆ ಬೇವಿನ ಕಡ್ಡಿಯೇ ಗತಿ ಅಂದುಕೊಂಡೆ.

ದೊರೆ ಮೂಗುತಿಯನ್ನು ನನ್ನ ಕೈಗಿಟ್ಟರು. "ಅಜ್ಜಿಯಿದ್ದಿದ್ದರೆ ಆ ಬೇವಿನ ಕಡ್ಡಿಯವಳಿಗೇ ಕೊಡುತ್ತಿದ್ದರು. ಮೂಗುತಿ ನಿನ್ನ ಹೆಂಡತಿಗೆ. ಹಾರ, ಕತ್ತೆ ನಿನಗೆ."

ಕೊರಳಲ್ಲಿ ಸಿಪ್ಪೆಯ ಹಾರ, ಹಿಂದೆ ಇಡೀ ಊರು. ಹಾಗೆ ಮನೆ ಬಾಗಿಲಿಗೆ ಬಂದೆ. ಸಿದ್ದವ್ವ ಕಡ್ಡಿ ತೆಗೆದು ಮೂಗುತಿ ಇಟ್ಟುಕೊಂಡಳು. ಅವಳ ಕಣ್ಣು ತುಂಬಿತು. ನನಗೂ ಕತ್ತೆಯ ಮೇಲಿದ್ದೇನೆ ಎಂಬುದೇ ಮರೆತುಹೋಯಿತು.

"ಈಗಲಾದರೂ ನಂಬಿದೆಯಾ ನನ್ನ ಜಾಣತನ?" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಕಿವಿ ಮುಟ್ಟಿಕೊಂಡಳು.

"ಕಿವಿಯೂ ಬರಿದಾಗಿದೆ. ದೊರೆಗಳ ಮಾವು ಹಣ್ಣಾಗಿದೆಯಾ, ಸ್ವಲ್ಪ ನೋಡಿಕೊಂಡು ಬನ್ನಿ."