ಅರ ಮುಟ್ಟಬಾರದ ಹಿತ್ತಾಳೆ

ಫಿಟ್ಟರ್ ದಾವಲಸಾಬ ಪುಟ್ಟ ಮಾದರಿ ಉಗಿಬಂಡಿಯೊಂದನ್ನು ಜೋಡಿಸುತ್ತಿದ್ದ. ಹಿತ್ತಾಳೆಯ ಮೈ ಸಿದ್ಧವಾಗಿತ್ತು. ಅದನ್ನು ಹೊರಲು ಗಾಲಿಗಳಿರುವ ಚಾಸಿ ಬೇಕಿತ್ತು. ಮೇಜಿನ ಮೇಲೆ ಎರಡು ಚಾಸಿಗಳಿದ್ದವು. ಆಯ್ಕೆಯನ್ನು ಅವನು ಹಿತ್ತಾಳೆಗೇ ಬಿಟ್ಟ. "ಆದರೆ ಓಡದ ಬಂಡಿ ಮತ್ತೆ ಬಿಡಿಭಾಗಗಳ ಪೆಟ್ಟಿಗೆಗೇ" ಎಂದ.

ಮೋಟಾರಿದ್ದ ಹಳೆಯ ಚಾಸಿ ಹೇಳಿತು: "ನಾನು ಹೊರುತ್ತೇನೆ. ನಿಮ್ಮ ಒಳಬದಿಗೆ ಕೂದಲೆಳೆಯಷ್ಟು ಅರ ಹಾಕಿ ಉಜ್ಜಿದರೆ ಸರಿಯಾಗಿ ಕೂರುತ್ತೀರಿ."

"ಅರವೇ? ನನಗೇ? ಎಣ್ಣೆಮೂತಿಯವನೇ, ನೀನು ಯಾವ ಬಂಡಿಯಿಂದ ಕಳಚಿ ಬಂದವನು, ಮೊದಲು ಅದನ್ನು ಹೇಳು."

"ಗೂಡ್ಸು ಬಂಡಿಯಿಂದ."

"ಥೂ! ದೂರ ಸರಿ."

ಹಿತ್ತಾಳೆ ಹೊಸ ಚಾಸಿಯನ್ನು ಆರಿಸಿಕೊಂಡಿತು. ಅದಕ್ಕೆ ಬಣ್ಣವಿತ್ತು, ಮೋಟಾರಿರಲಿಲ್ಲ.

ಮಾದರಿ ಬಂಡಿಗಳ ಓಟದ ದಿನ ಹಳಿಯ ಮೇಲೆ ಹಿತ್ತಾಳೆ ಕದಲಲಿಲ್ಲ. "ಅಣ್ಣಾ, ಹಿಂದಿನಿಂದ ತುಸು ನೂಕಪ್ಪ" ಎಂದು ಪಿಸುಗುಟ್ಟಿತು. ಹಳೆಯ ಚಾಸಿ ಬರಿಮೈಯಲ್ಲೇ ಬಂದು ನೂಕಿತು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಹಿತ್ತಾಳೆ ಕೂಗತೊಡಗಿತು: "ನೋಡಿರಯ್ಯಾ ನನ್ನ ಓಟ! ಹಿಂದೊಂದು ದರಿದ್ರ ಜೋತುಬಿದ್ದಿದೆ, ಅದನ್ನೂ ನಾನೇ ಎಳೆಯುತ್ತಿದ್ದೇನೆ!"

ಹಳೆಯ ಚಾಸಿ ನಿಂತಿತು. ಹಿತ್ತಾಳೆಯೂ ನಿಂತಿತು.

"ಯಾಕೋ ನಿಂತೆ?"

"ನಾನೆಲ್ಲಿ ಓಡುತ್ತಿದ್ದೆ, ಧಣಿ? ಎಳೆಯುತ್ತಿದ್ದವರು ತಾವು. ಎಳೆಯಿರಿ."

ದಾವಲಸಾಬ ಬಂದ. ಅವನ ಒಂದು ಕೈಯಲ್ಲಿ ಪೆಟ್ಟಿಗೆಯಿತ್ತು, ಇನ್ನೊಂದರಲ್ಲಿ ಅರವಿತ್ತು.

ಹಿತ್ತಾಳೆ ಅರವನ್ನು ನೋಡಿ, "ಬನ್ನಿ ಸ್ವಾಮಿ" ಎಂದಿತು.