ರಂಪಣಿಯ ಹಗ್ಗ ಹಿಡಿದ ಅವಧೂತರು

ಹೊಳೆ ಸಮುದ್ರ ಸೇರುವಲ್ಲಿ, ಮುರುಕು ದೋಣಿಯೊಂದನ್ನು ಕವುಚಿ ಹಾಕಿಕೊಂಡು ಅದರಡಿ ವಾಸವಾಗಿದ್ದರು ಶ್ರೀ ಶಾಂತಬೋಧ ಅವಧೂತರು. ಆಸ್ತಿಯೆಂದರೆ ಒಂದು ಕಂಬಳಿ, ಒಂದು ಮಡಕೆ. ಮೊಸಳೆಯೊಂದು ದಿನವೂ ಬಂದು ಪೂಜ್ಯರ ಪಾದಕ್ಕೆ ಎರಗುತ್ತಿತ್ತೆಂದು ಬೇಕಾದರೆ ಸೇರಿಸಬಲ್ಲೆ. ಆದರೆ ಈ ಪ್ರಸಂಗಕ್ಕೆ ಮೊಸಳೆಯ ಅಗತ್ಯವಿಲ್ಲ.

ಆ ವರ್ಷ ಮೀನುಗಾರರ ಕೇರಿಗೆ ವಾಂತಿಭೇದಿ ಬಡಿದಿತ್ತು. ಬೆಳಗಾದರೆ ಮರಳದಿಣ್ಣೆಯ ಮೇಲೆ ಹೊಸ ಗುಂಡಿ. ದಂಡೆಯಿಂದ ಊರೇ ಸೇರಿ ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು ಎಂಬುದು ಆ ದಂಡೆಯ ಕಟ್ಟಳೆ. ಬಲೆಯ ಯಜಮಾನ ಗಣಪು ತಾಂಡೇಲ ಹೊಸದೊಂದು ಹುಕುಂ ಹೊರಡಿಸಿದ್ದ: ರೋಗದ ಮನೆಯವರು ದಂಡೆಗೆ ಬರಕೂಡದು, ಬಾರದವರಿಗೆ ಪಾಲೂ ಇಲ್ಲ. ಗಂಡನನ್ನು ಕಳೆದುಕೊಂಡು ತಾನೂ ಹಾಸಿಗೆ ಹಿಡಿದಿದ್ದ ಬುದವಂತಿಯ ಮನೆಯಲ್ಲಿ ಒಲೆ ಆರಿತ್ತು. ಮಗು ಅತ್ತು ಅತ್ತು ಸುಮ್ಮನಾಗಿತ್ತು.

ಒಂದು ಬೆಳಿಗ್ಗೆ ಅವಧೂತರು ನೇರ ಬಂದು ಹಗ್ಗ ಹಿಡಿದರು. ತಾಂಡೇಲ ದೇವರನ್ನೂ ತೂಗಿ ನೋಡುವ ಆಸಾಮಿ.

"ಎಂತ ಸ್ವಾಮಿ, ಜಪ ಸಾಕಾಯ್ತಾ? ಬಂಗಡೆ ಹಿಡಿಯೂಕೆ ಬಂದ್ರಾ?"

"ಸಾರಿಗೆ ಹುಳಿ ನಾವು ಕೊಡ್ತೇವೆ!" ಎಂದು ಯಾರೋ ಸೇರಿಸಿದರು. ನಗು ಹುಟ್ಟಿತು, ಅಲ್ಲೇ ಸತ್ತಿತು.

ಅವಧೂತರು ಹಗ್ಗ ಎಳೆದರು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಬಲೆ ದಡ ಸೇರಿದಾಗ ಕಂಬಳಿ ಒಡ್ಡಿದರು.

"ಇದು ಬುದವಂತಿಯ ಕೈ. ಅವಳ ಪಾಲು ಹಾಕು."

"ಹೀಗೆ ಹಾಕ್ತಾ ಹೋದ್ರೆ ನಾಳೆ ಊರಿಡೀ ಮಲಗ್ತದೆ, ಸ್ವಾಮಿ!"

"ಮಲಗಬೇಕಾದವರು ಹಸಿವಿಗೆ ಹೆದರಿ ನಿನ್ನ ಹಗ್ಗ ಹಿಡಿದು ನಿಂತಿದ್ದಾರೆ, ತಾಂಡೇಲ."

ಸಾಲಿನ ತುದಿಯಲ್ಲಿ ತಾಂಡೇಲನ ಒಡಹುಟ್ಟಿದ ತಮ್ಮ ಬೀರ, ಹಗ್ಗ ಬಿಟ್ಟು ಮರಳಿಗೆ ಕುಸಿದ.

"ಅಣ್ಣಾ, ನಿನ್ನೆಯಿಂದ ನಂಗೂ ಶುರುವಾಗಿದೆ. ಮಕ್ಕಳ ಪಾಲು ತಪ್ತದೆ ಅಂತ ಹೇಳ್ಲಿಲ್ಲ."

ಅವಧೂತರು ಬೀರನನ್ನು ಹೆಗಲಿಗೆ ಹಾಕಿಕೊಂಡರು. "ನೀರು ಕಾಯಿಸು" ಎಂದಷ್ಟೇ ತಾಂಡೇಲನಿಗೆ ನುಡಿದರು.

ಬೀರ ಸಂಜೆ ದಾಟಲಿಲ್ಲ. ಪೂಜ್ಯರು ಮುಟ್ಟಿದೊಡನೆ ಅವನು ಎದ್ದು ಕುಳಿತನೆಂದು ಹೇಳುವವರಿದ್ದಾರೆ. ಹಾಗೆ ಹೇಳುವ ಆಸೆ ನನಗೂ ಬಹಳ. ಆದರೆ ಗುಂಡಿ ತೋಡಿದವನು ತಾಂಡೇಲನೇ.

ಮಣ್ಣು ಮುಚ್ಚಿ, ಕೈ ತೊಳೆದು, ಅವನು ಮೊದಲು ಹೋದದ್ದು ಬುದವಂತಿಯ ಮನೆಗೆ. ಕಾಯಿಸಿದ ನೀರು, ಗಂಜಿ, ಪಾಲಿನ ಬಂಗಡೆ ಹೊಸ್ತಿಲಲ್ಲಿಟ್ಟ. ಆಮೇಲೆ ಕೇರಿಯುದ್ದಕ್ಕೂ ಕೂಗುತ್ತ ನಡೆದ. ಬಲೆಗೆ ಜನ ಕರೆಯುತ್ತಿದ್ದ ಅದೇ ದನಿ, ಈಗ ನಡುವೆ ಒಡೆಯುತ್ತಿತ್ತು:

"ಯಾರ ಮನೇಲಿ ಶುರುವಾಗಿದೆ, ಹೇಳ್ರೋ... ಹೆದರಬೇಡ್ರಿ, ಮಲಗ್ರಿ. ನಿಮ್ಮ ಹಗ್ಗ ನಾನು ಎಳೀತೇನೆ."

ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಅಷ್ಟೊಂದು ಬಾಗಿಲು ತೆರೆದೀತೆಂದು ಯಾರೂ ಎಣಿಸಿರಲಿಲ್ಲ.