ಕಲಶ ಹಿಡಿದ ಕೈ

ಜೈನ ಸನ್ಯಾಸಿನಿ ಪೂಜ್ಯ ಅಚಲಮತಿ ಮಾತಾಜಿಯವರು ಆ ವರ್ಷದ ಚಾತುರ್ಮಾಸಕ್ಕೆಂದು ಕೃಷ್ಣೆಯ ದಡದ ಒಂದು ಚಿಕ್ಕ ಹಳ್ಳಿಗೆ ದಯಮಾಡಿಸಿ, ಬಸದಿಯ ಪಕ್ಕದ ಹಂಚಿನ ಕೋಣೆಯಲ್ಲಿ ಇಳಿದುಕೊಂಡಿದ್ದರು. ದಿನಕ್ಕೊಂದೇ ಆಹಾರ, ಅದೂ ಬೊಗಸೆಯಲ್ಲಿ. ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನಿಯಮ ಹಿಡಿಯುವರು. ಅದು ಯಾವ ಮನೆಯ ಬಾಗಿಲಲ್ಲೂ ಕೂಡಿಬರದಿದ್ದರೆ ಅಂದು ಉಪವಾಸ. ಬಂದು ಎರಡು ದಿನವಾದರೂ ಬೊಗಸೆ ಒಡ್ಡಿರಲಿಲ್ಲ. ಅವರನ್ನು ಆಹಾರಕ್ಕೆ ಕರೆಯಲು ನೀರಿನ ಕಲಶ ಹಿಡಿದು ಬಾಗಿಲಲ್ಲಿ ನಿಂತವರೆಲ್ಲ ಕಂಗಾಲಾಗಿದ್ದರು.

ಅದೇ ಊರಿನ ಪಾಯಗೌಡರಿಗೆ ಮಾತ್ರ ಇದೆಲ್ಲ ಒಣ ಹಟವೆನಿಸಿತ್ತು. ಅವರ ತಲೆಬಿಸಿಯೇ ಬೇರೆ. ಊರಿಗೇ ಹಿರಿಯರಾದ ತಾಯಿ ಚಂಪವ್ವನವರಿಗೆ ಮರೆವಿನ ಕಾಯಿಲೆ, ಹೆತ್ತ ಮಗನನ್ನೇ "ನೀ ಯಾರಪಾ?" ಎನ್ನುವರು. ಇದು ವಾಸಿಯಾಗುವುದಲ್ಲ, ಆರೈಕೆಯ ದಾರಿ ನೋಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮಾತಾಜಿಯವರ ಆಹಾರದ ಹೊತ್ತಿಗೆ ಮುದುಕಿ ಏನಾದರೂ ಎಡವಟ್ಟು ಮಾಡಿಯಾರೆಂದು ಸೊಸೆ ಸುನಂದಾ ಅವರನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿ ಬೀಗ ಹಾಕುತ್ತಿದ್ದರು. ಪಟ್ಟಣದಲ್ಲಿ ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿತ್ತು, ಅಲ್ಲಿಯೂ ಹಗಲೆಲ್ಲ ಬೀಗ. "ಬೀಳದs ಸುರಕ್ಷಿತ ಇರ್ತಾಳ, ಸಾಕು" ಎಂದು ಗೌಡರು ಅಲ್ಲಿಗೇ ಬಿಡಲು ನಿಶ್ಚಯಿಸಿದ್ದರು.

ಮೂರನೆಯ ದಿನ ಅವರನ್ನು ಪಟ್ಟಣಕ್ಕೆ ಕರೆದೊಯ್ಯುವುದಿತ್ತು. ತಾಯಿಗೆ ಸ್ನಾನ ಮಾಡಿಸಿ, ಮಡಿಸೀರೆ ಉಡಿಸಿ, ಚೀಲ ತರಲು ಗೌಡರು ಒಳಗೆ ಹೋದರು. ಅಷ್ಟರಲ್ಲೇ ಚಂಪವ್ವನವರು ನೆಟ್ಟಗೆ ತಲೆಬಾಗಿಲಿಗೆ ನಡೆದು ಸೊಸೆಯ ಕೈಯಿಂದ ಕಲಶ ಕಸಿದುಕೊಂಡರು. ಎದುರಿಗೆ ಮಾತಾಜಿಯವರು ಬರುತ್ತಿದ್ದರು!

"ಅವ್ವಾ, ಒಳಗ ನಡಿ! ಎಲ್ಲಾ ಕೆಡಸ್ತಿ!" ಗೌಡರು ಓಡಿಬಂದರು.

ಮುದುಕಿಗೆ ಯಾರ ಮಾತೂ ಕೇಳಿಸಲಿಲ್ಲ. "ಹೇ ಮಾತಾಜಿ, ವಂದಾಮಿ! ಅತ್ರ ಅತ್ರ, ತಿಷ್ಠ ತಿಷ್ಠ!" ಇಲ್ಲಿ ನಿಲ್ಲಿ ಎಂಬ ಆ ಕರೆ ಒಂದಕ್ಷರವೂ ತಪ್ಪಲಿಲ್ಲ. ಮುಂದೆ ಹೇಳಬೇಕಾದ, ಮನ ಮಾತು ಮೈ ಅನ್ನ ಶುದ್ಧವೆಂಬ ಮಾತುಗಳೂ ಒಂದಾದಮೇಲೊಂದು ಬಂದವು.

ಮಾತಾಜಿಯವರು ನಿಂತರು. ಚಂಪವ್ವನವರ ಕೈಯಿಂದಲೇ ಮೊದಲ ನೀರು ಸ್ವೀಕರಿಸಿದರು.

ಆಹಾರ ಮುಗಿದ ಮೇಲೆ ಮಾತಾಜಿಯವರು, "ಊರಿಗೆಲ್ಲ ಹಿರಿಯ ಜೀವ ಕರೆದರೆ ಮಾತ್ರ ಆಹಾರ ಎಂದುಕೊಂಡಿದ್ದೆ" ಎಂದರು.

ಗೌಡರು ನೆಲಕ್ಕೆ ಹಣೆ ಹಚ್ಚಿದರು. "ತಾಯೀ, ಅವ್ವನ್ನ ಎಲ್ಲಿ ಇಡ್ಲಿ, ನೀವs ಹೇಳ್ರಿ."

"ಮನೆಯಾಗಲಿ, ಬೇರೆ ಕಡೆಯಾಗಲಿ. ಈ ಕೈಗೆ ಕೆಲಸ ಕೊಡುವ ಕಡೆ ಇಡಿ."

ಗೌಡರು ಅಂದೇ ಪಟ್ಟಣದ ಆ ಮನೆಗೆ ಹೋಗಿ, "ನಮ್ಮವ್ವನ ಕೈಗೆ ನೀರಿನ ಕಲಶ ಕೊಡ್ತೀರೇನ್ರಿ?" ಎಂದು ಕೇಳಿದರು. "ಏ, ಚೆಲ್ಲಿ ಕಾಲು ಜಾರ್ತಾರ್ರೀ!" ಎಂದರು ಅಲ್ಲಿಯವರು. ಗೌಡರು ತಿರುಗಿ ಬಂದರು. ಸುನಂದಾಗೆ ಆಸರೆಯಾಗಲೆಂದು ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದರು. ಹಿತ್ತಲ ಕೋಣೆಯ ಬೀಗ ಬಾವಿಯ ಪಾಲಾಯಿತು.

ಚಾತುರ್ಮಾಸ ಮುಗಿದು ಮಾತಾಜಿಯವರು ಕಾಲ್ನಡಿಗೆಯಲ್ಲಿ ಮುಂದಿನ ಊರಿಗೆ ವಿಹಾರ ಹೊರಟುಹೋದರು. ಚಂಪವ್ವನವರು ಮಾತ್ರ ದಿನವೂ ಮುಂಜಾನೆ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುವರು. ಬೀದಿಯಲ್ಲಿ ಯಾರೂ ಬರುವುದಿಲ್ಲ. ಪಕ್ಕದಲ್ಲಿ ಪಾಯಗೌಡರೂ ಒಂದು ಕಲಶ ಹಿಡಿದು ನಿಂತಿರುತ್ತಾರೆ.

"ನೀ ಯಾರಪಾ?"

"ನಿನ್ನ ಜೋಡಿ ನಿಂದ್ರಾಂವ, ಅವ್ವಾ."